ಅಕ್ಕನ ಹೋಟೆಲಿನ ಮುಂದಿನ ಬೆಂಚು

ರಾಮನಗರದ ಹೊರಗಿನ ಆ ಬಡಾವಣೆಗೆ ನಾನು ಬಂದು ಸೇರಿಕೊಂಡಾಗ ಅಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚಿದ್ದವು. ಮೂರು ನಾಲ್ಕು ವರ್ಷದ ಹಿಂದಿನವರೆಗೂ ಹಿಪ್ಪುನೇರಳೆ ಬೆಳೆಯುತ್ತಿದ್ದ ಹೊಲಗಳವು. ರಸ್ತೆಯ ಆಚೆ ಬದಿಗೆ ನಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿ ಎದ್ದಿತ್ತು. ಅದರ ಪಕ್ಕಕ್ಕೆ ಕಬ್ಬಿಣದ ಕೆಲಸದ ಎರಡು ಶೆಡ್ಡು, ಇನ್ನೂ ಮುಂದಕ್ಕೆ ರಟ್ಟಿನ ಡಬ್ಬ ಮಾಡುವ ಕಾರ್ಖಾನೆ. ಇಷ್ಟು ಜನ ಬಂದು ದುಡಿಯುವ ಜಾಗದಲ್ಲಿ ಹೊಟ್ಟೆಗೆ ಏನಾದರೂ ಬೇಕಲ್ಲ? ಹಾಗಾಗಿ ಆ ಬಡಾವಣೆಯಲ್ಲಿ ಮನೆಗಳಿಗಿಂತ ಮೊದಲು ಎದ್ದು ನಿಂತದ್ದು ಹೋಟೆಲುಗಳು.

ಮೂರು ಹೋಟೆಲುಗಳಿದ್ದವು. ಮೊದಲನೆಯದು ಮಾಗಡಿ ಕಡೆಯಿಂದ ಬಂದ ಲಿಂಗಾಯತ ಕುಟುಂಬದ್ದು. ಹಣೆಗೆ ವಿಭೂತಿ ಇಟ್ಟುಕೊಂಡ ಯಜಮಾನರು ಬೆಳಗ್ಗೆ ಆರಕ್ಕೆಲ್ಲ ತಟ್ಟೆ ಇಡ್ಲಿಯ ಹಬೆ ಏಳಿಸುತ್ತಿದ್ದರು. ಆ ಇಡ್ಲಿಯ ಮೇಲೆ ಬೆಣ್ಣೆಯ ಉಂಡೆ ಕರಗಿ ಹರಿಯುವುದನ್ನು ನೋಡುತ್ತಾ ಗಂಡಸರು ನಿಂತೇ ತಿನ್ನುತ್ತಿದ್ದರು. ಎರಡನೆಯದು ಒಂದು ಬೇಕರಿ. ಟೀ, ಬನ್ನು, ದಿಲ್‌ಪಸಂದ್. ಮೂರನೆಯದು ಮುದ್ದೆ, ಮಾಂಸದ ಸಾರಿನ ಮಿಲ್ಟ್ರಿ ಹೋಟೆಲ್, ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದ ಹೆಂಗಸಿನದು; ಹೆಂಚಿನ ಒಂದು ಅಡುಗೆಮನೆ, ಅದರ ಮುಂದೆ ಶೀಟು ಹೊದಿಸಿದ ಚಪ್ಪರ, ಚಪ್ಪರದಡಿ ಉದ್ದನೆಯ ಆರು ಬೆಂಚು. ಮಧ್ಯಾಹ್ನ ಹನ್ನೆರಡಾದರೆ ಮಸಾಲೆಯ ಘಮಲು ರಸ್ತೆ ದಾಟಿ ನಮ್ಮ ಚೆಕಿಂಗ್ ಟೇಬಲ್ಲಿನವರೆಗೂ ಬರುತ್ತಿತ್ತು.

ನಾನು ಹೊಂಗನೂರಿನವಳು. ಆಗ ನನಗೆ ಇಪ್ಪತ್ತೆರಡು. ನಮ್ಮ ಮನೆಯಲ್ಲಿ ಯಾವ ಹೆಂಗಸೂ ಹೋಟೆಲಿನಲ್ಲಿ ಕೂತು ಉಂಡವಳಲ್ಲ. ಅಪ್ಪ ಚನ್ನಪಟ್ಟಣದ ಸಂತೆಗೆ ಹೋದಾಗ ಪೇಪರಿನಲ್ಲಿ ಕಟ್ಟಿಸಿಕೊಂಡು ಬರುತ್ತಿದ್ದ ವಡೆಯೇ ನಮಗೆ ಹೋಟೆಲು. ಈ ಬಡಾವಣೆಯಲ್ಲಿಯೂ ಅದೇ ರೀತಿ. ಇಡ್ಲಿ ಹೋಟೆಲಿನಲ್ಲಿ ಹಲಗೆ ಅಡ್ಡ ಹಾಕಿದ ಒಂದು ಫ್ಯಾಮಿಲಿ ರೂಮಿತ್ತು. ಗಂಡನ ಜೊತೆ ಬಂದವಳು ಅಲ್ಲಿ ಕೂರಬಹುದಿತ್ತು. ಒಬ್ಬಳೇ ಹೋಗಿ ನಿಂತರೆ ಯಜಮಾನರು ತಲೆ ಎತ್ತದೆಯೇ ಕೇಳುತ್ತಿದ್ದರು, “ಪಾರ್ಸೆಲ್ಲಾ?” ಅವರದೇನೂ ತಪ್ಪಿರಲಿಲ್ಲ. ಹೆಂಗಸೆಂದರೆ ಪಾರ್ಸೆಲ್ ಎಂದೇ ಎಲ್ಲರೂ ತಿಳಿದಿದ್ದರು, ನಾವೂ ತಿಳಿದಿದ್ದೆವು.

ನಾವು ಮೂವರು ಹುಡುಗಿಯರು ಒಂದು ರೂಮು ಮಾಡಿಕೊಂಡಿದ್ದೆವು. ಬೆಳಗ್ಗೆ ನಲ್ಲಿಯ ಮುಂದೆ ಸಾಲು, ಸೀಮೆಎಣ್ಣೆ ಸ್ಟೋವಿಗೆ ಸಾಲು. ಎಷ್ಟೋ ದಿನ ಬರಿಹೊಟ್ಟೆಯಲ್ಲೇ ಫ್ಯಾಕ್ಟರಿಗೆ ಓಡುತ್ತಿದ್ದೆವು. ಅಂಥ ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಶರ್ಟಿನ ಕಾಲರ್ ನೋಡುತ್ತಿದ್ದ ನನಗೆ ಕಣ್ಣು ಕತ್ತಲೆ ಬಂತು, ಬಿದ್ದುಬಿಟ್ಟೆ. ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದರು. ಸೂಪರ್‌ವೈಸರ್ ಅರ್ಧ ದಿನ ರಜೆ ಕೊಟ್ಟು ರೂಮಿಗೆ ಕಳಿಸಿದ. ರಸ್ತೆ ದಾಟುವಷ್ಟರಲ್ಲಿ ಕಾಲು ಸೋತು ಅಕ್ಕನ ಹೋಟೆಲಿನ ಪಕ್ಕದ ಸೈಟುಕಲ್ಲಿನ ಮೇಲೆ ಕೂತೆ.

ಸೊಪ್ಪು ತೊಳೆದ ನೀರು ಚೆಲ್ಲಲು ಹೊರಗೆ ಬಂದ ಅಕ್ಕ ನನ್ನನ್ನು ನೋಡಿದಳು. ನಲವತ್ತೈದರ ಆಸುಪಾಸಿನ ಹೆಂಗಸು, ಸೆರಗು ಸೊಂಟಕ್ಕೆ ಬಿಗಿದಿದ್ದಳು.

“ಯಾಕವ್ವ ಬಿಸ್ಲಲ್ಲಿ ಕೂತ್ಕಂಡಿದ್ದೀಯ? ಮಖ ಎಲ್ಲಾ ಬಿಳುಚ್ಕಂಡೈತೆ. ಏನಾರ ಉಂಡಿದ್ದೀಯಾ?”

“ಇಲ್ಲ ಅಕ್ಕ.”

“ಬಾ ಒಳೀಕೆ.”

“ಬ್ಯಾಡ ಅಕ್ಕ, ಒಳ್ಗೆಲ್ಲ ಗಂಡಸ್ರವ್ರೆ.”

“ಇದ್ರೆ ಏನು, ನಿನ್ನ ತಿಂದ್‌ಬುಟ್ಟಾರಾ? ಅವ್ರು ತಿನ್ನಕ್ಕೇ ಅಂತ ನಾನು ಬೇಯ್ಸಿ ಇಕ್ಕಿದ್ದೀನಿ, ಬಾ.”

ಚಪ್ಪರದಲ್ಲಿ ಕೂರಲು ನನಗೆ ಧೈರ್ಯ ಬರಲಿಲ್ಲ. ಅಕ್ಕ ಹಿಂಬಾಗಿಲಿನಿಂದ ಅಡುಗೆಮನೆಗೆ ಕರೆದುಕೊಂಡು ಹೋಗಿ ಮಣೆ ಹಾಕಿದಳು. ಅಲ್ಲಿ ಅವಳ ಗಂಡ ಮುದ್ದೆ ತಿರುವುತ್ತಿದ್ದ. ಅಕ್ಕನ ಗಂಡನಾದ್ದರಿಂದ ನಾವೆಲ್ಲ ಆಮೇಲೆ ಅವನನ್ನು ಭಾವ ಎಂದೇ ಕರೆದೆವು. ಸಣಕಲು ಮನುಷ್ಯ. ಆದರೆ ಕುದಿಯುವ ದೊಡ್ಡ ಪಾತ್ರೆಯನ್ನು ಕವೆಗೋಲಿನಿಂದ ಅದುಮಿ, ಹಿಟ್ಟಿನ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಸೊಂಟದಿಂದ ತಿರುವುವಾಗ ಅವನ ಮೈಯಲ್ಲಿ ಎಲ್ಲಿತ್ತೋ ಆ ಬಲ. ಒಂದೇ ಒಂದು ಗಂಟಿಲ್ಲದ ಹಾಗೆ ಹಿಟ್ಟು ಮಿರುಗುತ್ತಿತ್ತು. ಅದನ್ನು ಹಲಗೆಯ ಮೇಲೆ ಸುರಿದು, ಕೈ ಒದ್ದೆ ಮಾಡಿಕೊಂಡು ಉರುಳಿಸಿದನೆಂದರೆ ನೂರು ಮುದ್ದೆಯೂ ಒಂದೇ ಗಾತ್ರ. ನನ್ನ ಮುಖ ನೋಡದೆಯೇ ಒಂದನ್ನು ನನ್ನ ತಟ್ಟೆಗೆ ಹಾಕಿದ. ಅಕ್ಕ ಮೊಳಕೆ ಹುರುಳಿಕಾಳಿನ ಸಾರು ಬಿಟ್ಟಳು. ನಮ್ಮವ್ವನ ಸಾರಿಗಿಂತ ಅದು ಚೆನ್ನಾಗಿತ್ತು ಎಂದು ನನ್ನಷ್ಟಕ್ಕೆ ನಾನೇ ಒಪ್ಪಿಕೊಳ್ಳಲು ವರ್ಷಗಳೇ ಬೇಕಾದವು.

ಮಾರನೆಯ ದಿನ ನಾನು ರೂಮಿನ ಇಬ್ಬರನ್ನೂ ಕರೆದುಕೊಂಡು ಹೋದೆ. ವಾರ ಕಳೆಯುವಷ್ಟರಲ್ಲಿ ಎಂಟು ಜನರಾದೆವು, ತಿಂಗಳಲ್ಲಿ ಹದಿನೈದು. ನಮ್ಮ ಊಟದ ಬಿಡುವು ಅರ್ಧ ಗಂಟೆ. ಓಡಿ ಬಂದು, ಹಿಂಬಾಗಿಲಿನಿಂದ ನುಗ್ಗಿ, ಸೌದೆಯ ಮೇಲೂ ಅಕ್ಕಿ ಮೂಟೆಯ ಮೇಲೂ ಕೂತು ಉಣ್ಣುತ್ತಿದ್ದೆವು. ಭಾವನಿಗೆ ಮೊಣಕೈ ಆಡಿಸಲು ಜಾಗವಿರುತ್ತಿರಲಿಲ್ಲ. ಒಂದು ದಿನ ಅವನ ಕೋಲು ತಗುಲಿ ಕನಕಪುರದ ಹುಡುಗಿಯೊಬ್ಬಳ ತಟ್ಟೆ ಮಗುಚಿತು. ಸುಡುವ ಸಾರು ಅವಳ ಕಾಲಿನ ಮೇಲೆ ಚೆಲ್ಲಿತು. ಅಕ್ಕ ತಣ್ಣೀರು ಸುರಿಯುತ್ತಲೇ ಇದ್ದಳು, ಭಾವ ಕೋಲು ಹಿಡಿದುಕೊಂಡು ಗರ ಬಡಿದವನ ಹಾಗೆ ನಿಂತಿದ್ದ. ಬೊಬ್ಬೆ ಬಂದು ವಾರದಲ್ಲಿ ವಾಸಿಯಾಯಿತು. ಆದರೆ ಅಕ್ಕ ಅವತ್ತೇ ತೀರ್ಮಾನ ಮಾಡಿಬಿಟ್ಟಿದ್ದಳು.

ಮರುದಿನ ನಾವು ಹಿಂಬಾಗಿಲಿಗೆ ಹೋದರೆ ಅದು ಮುಚ್ಚಿತ್ತು. ಮುಂದಕ್ಕೆ ಬಂದೆವು. ಚಪ್ಪರದಲ್ಲಿ ರಸ್ತೆ ಕಡೆಗಿದ್ದ ಮೊದಲ ಬೆಂಚು, ಎಲ್ಲಕ್ಕಿಂತ ಚೆನ್ನಾಗಿ ಗಾಳಿ ಬರುವ ಬೆಂಚು, ಖಾಲಿ ಇತ್ತು. ಅದರ ಮುಂದೆ ಅಕ್ಕ ನಿಂತಿದ್ದಳು. ದಿನಾ ಅಲ್ಲಿ ಕೂರುತ್ತಿದ್ದ ಗಾರೆ ಕೆಲಸದ ಮೇಸ್ತ್ರಿಯೊಬ್ಬ ಎದುರಿಗೆ ನಿಂತು ವಾದಿಸುತ್ತಿದ್ದ.

“ಅಲ್ಲ ಕಣಕ್ಕ, ಮಿಲ್ಟ್ರಿ ಹೋಟ್ಲಲ್ಲಿ ಹೆಂಗಸ್ರು ಸಾಲಾಗಿ ಕೂತ್ಕಂಡು ಮೂಳೆ ಚೀಪ್ತಿದ್ರೆ ನೋಡಕ್ಕೆ ಚೆಂದಾಗಿರ್ತದಾ?”

“ನೋಡು ಅಂತ ನಿಂಗ್ಯಾರ್ ಹೇಳುದ್ರು? ನಿನ್ ತಟ್ಟೆ ನೋಡ್ಕಂಡು ಉಣ್ಣು.”

“ನಮ್ಗೆ ಮುಜುಗರ ಆಯ್ತದೆ.”

“ಅರ್ಧ ಗಂಟೆ ಮುಜುಗರ ಪಟ್ಕೊ. ಈ ಮಕ್ಳು ಒಂದು ಗಂಟೆಗೆ ಮಿಷಿನ್ ಮುಂದೆ ಇರ್ಬೇಕು. ಬನ್ರವ್ವ, ಕೂತ್ಕಳಿ.”

ನಾವು ಕೂತೆವು. ಒಂದೇ ಬೆಂಚಿನಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಒತ್ತಿಕೊಂಡೆವು. ಮೇಸ್ತ್ರಿ ಕೈ ಕೊಡವಿಕೊಂಡು ಹೊರಟ, ಅವನ ಹಿಂದೆ ಎಂಟು ಹತ್ತು ಜನ ಗಂಡಸರೂ ಎದ್ದು ಹೋದರು. ಮುಂದಿನ ದಿನವೂ ಅವರು ಬರಲಿಲ್ಲ. ವಾರವೆಲ್ಲ ಹಿಂದಿನ ಬೆಂಚುಗಳು ಅರ್ಧ ಖಾಲಿ. ಹಲಗೆಯ ಮೇಲೆ ಮುದ್ದೆ ಉಳಿದು ತಣ್ಣಗಾಗುತ್ತಿತ್ತು. ಕೊನೆಗೆ ಒಂದು ದಿನ ನಾನೇ ಹೇಳಿದೆ, “ಅಕ್ಕ, ನಾವು ಮೊದ್ಲಿನಂಗೆ ಒಳ್ಗೇ ಕೂತ್ಕತೀವಿ. ನಮ್ಮಿಂದ ನಿಮ್ಗೆ ಯಾಕೆ ತೊಂದ್ರೆ?”

ಅಕ್ಕ ಬಾಯಿ ತೆರೆಯುವ ಮೊದಲೇ ಅಡುಗೆಮನೆಯ ಬಾಗಿಲಿಗೆ ಭಾವ ಬಂದು ನಿಂತ. ಅಲ್ಲಿಯವರೆಗೆ ಅವನು ಒಂದು ಮಾತಾಡಿದ್ದನ್ನೂ ನಾವು ಕೇಳಿರಲಿಲ್ಲ.

“ಒಳೀಕೆ ಬರ್ಬೇಡಿ. ನಂಗೆ ಹಿಟ್ಟು ತಿರುವಕ್ಕೆ ಜಾಗ ಬೇಕು,” ಅಂದವನೇ ಒಳಗೆ ಹೋದ.

ಅಷ್ಟೇ ಮಾತು. ಸಾರು ಚೆಲ್ಲಿದ ದಿನದ ಅವನ ಗಾಬರಿ ಇನ್ನೂ ಇಳಿದಿರಲಿಲ್ಲವೆಂದು ನನಗೆ ಆಗ ಹೊಳೆಯಿತು. ಆಮೇಲೆ ನಾವು ಆ ವಿಷಯ ಎತ್ತಲಿಲ್ಲ.

ಹತ್ತು ಹನ್ನೆರಡು ದಿನದ ಮೇಲೆ ಮೇಸ್ತ್ರಿ ತಾನಾಗಿ ಬಂದ. ಕೊನೆಯ ಬೆಂಚಿನಲ್ಲಿ ನಮಗೆ ಬೆನ್ನು ಮಾಡಿ ಕೂತ. ಅಕ್ಕ ಏನೂ ಆಗಿಲ್ಲವೆಂಬಂತೆ ಬಡಿಸಿದಳು. ಎರಡನೆಯ ಸಲ ಸಾರು ಬಿಡುವಾಗ ಅವನು ಗೋಡೆಗೆ ಹೇಳುವವನ ಹಾಗೆ ಹೇಳಿದ, “ಪ್ಯಾಟೆ ಕಡೆ ಹೋಟ್ಲಲ್ಲಿ ಹಿಟ್ಟೆಲ್ಲಾ ಬರೀ ಗಂಟು.” ಉಳಿದವರೂ ಒಬ್ಬೊಬ್ಬರಾಗಿ ಬಂದರು. ತಿಂಗಳು ಕಳೆದ ಮೇಲೆ ನಾವಿದ್ದೇವೆ ಎಂಬುದೇ ಅವರಿಗೆ ಮರೆತುಹೋಗಿತ್ತು. ತಟ್ಟೆಯ ಮುಂದೆ ನಮ್ಮನ್ನು ಯಾರೂ ಗಮನಿಸದೇ ಇರುವುದು ಎಂಥ ಸುಖವೆಂದು ಅನುಭವಿಸಿದವರಿಗೇ ಗೊತ್ತು.

ಆ ವರ್ಷವೇ ಒಂದು ಮಧ್ಯಾಹ್ನ ಅಪ್ಪ ಬಂದ. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹಾಕಿ, ನನ್ನನ್ನು ನೋಡಿಕೊಂಡು ಹೋಗೋಣವೆಂದು ಫ್ಯಾಕ್ಟರಿ ಗೇಟಿನ ಹತ್ತಿರ ನಿಂತಿದ್ದ. ನಾನು ಹೋಟೆಲಿನಲ್ಲಿ ಉಣ್ಣುವ ಸಂಗತಿ ಮನೆಗೆ ತಿಳಿದಿರಲಿಲ್ಲ. ಸುಳ್ಳು ಹೇಳಲು ಹೊತ್ತೂ ಇರಲಿಲ್ಲ, ಬಿಡುವು ಅರ್ಧ ಗಂಟೆ. “ಬಾಪ್ಪ, ಉಣ್ಣಾನ,” ಎಂದು ಕರೆದುಕೊಂಡು ಹೋದೆ.

ಮುಂದಿನ ಬೆಂಚಿನಲ್ಲಿ ಸಾಲಾಗಿ ಕೂತ ಹೆಣ್ಣುಮಕ್ಕಳನ್ನು ನೋಡಿ ಅಪ್ಪ ಚಪ್ಪರದ ಕಂಬದ ಹತ್ತಿರವೇ ನಿಂತುಬಿಟ್ಟ.

“ಇದೇನವ್ವ ಇದು? ದಿನಾ ಇಲ್ಲೇ ಉಣ್ತೀಯಾ?”

ಅಕ್ಕ ಚೊಂಬಿನಲ್ಲಿ ನೀರು ತಂದಳು. “ಬನ್ನಿ ಅಣ್ಣ, ಕೈ ತೊಳ್ಕಳಿ. ನಿಮ್ ಮಗಳು ಇಲ್ಗೆ ಬಂದಾಗ ಕಡ್ಡಿ ಇದ್ದಂಗಿದ್ಲು. ಈಗ ನೋಡಿ.”

ಅಪ್ಪ ಕೂತ. ಪಕ್ಕದಲ್ಲಿ ನಾನು ಕೂತೆ. ನಮ್ಮ ಮನೆಯಲ್ಲಿ ಗಂಡಸರು ಉಂಡು ಎದ್ದ ಮೇಲೆ ಹೆಂಗಸರು ಉಣ್ಣುವುದು. ಹಾಗಾಗಿ ತಟ್ಟೆ ಮುಂದಿದ್ದರೂ ಕೈ ಮುಂದಾಗಲಿಲ್ಲ, ಅಪ್ಪ ಮುಗಿಸಲೆಂದು ಕಾಯುತ್ತಾ ಕೂತೆ.

“ಯಾಕ್ ಮಗ ಕೈ ಕಟ್ಕಂಡ್ ಕೂತಿದ್ದೀಯ? ಬೆಲ್ ಹೊಡ್ದ್‌ಬುಡ್ತಾರೆ,” ಅಂದಳು ಅಕ್ಕ.

ನಾನು ಮುದ್ದೆ ಮುರಿದೆ. ಅವತ್ತು ಅವರೆಕಾಳು ಹಾಕಿದ ಕೋಳಿ ಸಾರು. ಅಪ್ಪ ಎರಡು ತುತ್ತು ನುಂಗಿ ಅಡುಗೆಮನೆಯ ಕಡೆ ನೋಡಿದ.

“ರಾಗಿ ಎಲ್ಲೀದು?”

“ತಿಪ್ಪಸಂದ್ರದ ಕಡೇದು,” ಒಳಗಿನಿಂದ ಭಾವನ ದನಿ.

“ಹಳೇದಾ?”

“ಹಳೇದೇ.”

ಅಪ್ಪ ತಲೆಯಾಡಿಸಿದ. ಮುದ್ದೆಗೆ ಹಳೆಯ ರಾಗಿಯೇ ಚೆನ್ನ, ಅದು ಅವನ ಮೆಚ್ಚುಗೆ. ನನ್ನ ಮುದ್ದೆ ಮುಗಿದಿತ್ತು. ಅಕ್ಕ ಕೇಳದೆಯೇ ಇನ್ನರ್ಧ ತಂದು ಹಾಕಿದಳು. ನಾನು ತಲೆ ತಗ್ಗಿಸಿ ಅದನ್ನೂ ಉಂಡೆ. ತಲೆ ಎತ್ತಿದರೆ ಅಪ್ಪ ಉಣ್ಣುವುದು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ.

“ನೀನು ಇಷ್ಟು ಉಣ್ತೀಯ ಅಂತ ನಂಗೆ ಗೊತ್ತೇ ಇರ್ನಿಲ್ಲ ಕಣವ್ವ.”

ಬೈಗುಳವೇನೋ ಅಂದುಕೊಂಡೆ. ಅಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನು ನಾನು ಉಣ್ಣುವುದನ್ನು ನೋಡಿಯೇ ಇರಲಿಲ್ಲ. ಅದು ಅವನಿಗೆ ಆ ಬೆಂಚಿನ ಮೇಲೆ ತಿಳಿಯಿತು, ನನಗೂ ಅಲ್ಲೇ ತಿಳಿಯಿತು. ಬೆಲ್ ಹೊಡೆಯಿತು. ನಾನು ಕೈ ತೊಳೆದು ಓಡಿದೆ. ರಸ್ತೆ ದಾಟಿ ತಿರುಗಿ ನೋಡಿದಾಗ ಅಪ್ಪ ಇನ್ನೂ ಅಲ್ಲೇ ಕೂತು ಭಾವನ ಜೊತೆ ಏನೋ ಮಾತಾಡುತ್ತಿದ್ದ. ಮಾತಾಡದ ಇಬ್ಬರು ಗಂಡಸರು ಏನು ಮಾತಾಡಿದರೋ ಕೇಳಿದರೆ ಇಬ್ಬರೂ ಹೇಳಲಿಲ್ಲ. ಮುಂದಿನ ಸಲ ಗೂಡು ಹಾಕಲು ಬಂದಾಗ ನಮ್ಮ ಹೊಲದ ರಾಗಿ ಒಂದು ಚೀಲ ತಂದು ಹೋಟೆಲಿನಲ್ಲಿ ಇಳಿಸಿ ಹೋದ.

ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪ ಊಟಕ್ಕೆ ಕೂತವನು ಎದ್ದು ಹೋಗಿ ಇನ್ನೆರಡು ಮಣೆ ತಂದು ಹಾಕಿದ. “ನೀವೂ ಕೂತ್ಕಳಿ.” ಅವ್ವ ಹೌಹಾರಿದಳು. “ಎಲ್ಲಾ ಕೂತ್ಕಂಡ್ರೆ ಇಕ್ಕೋರು ಯಾರು?” ಅಪ್ಪ ಸಾರಿನ ಪಾತ್ರೆಯನ್ನು ಎಳೆದು ಮಧ್ಯಕ್ಕೆ ಇಟ್ಟ. ಅವತ್ತು ಅವ್ವ ಸರಿಯಾಗಿ ಉಣ್ಣಲಿಲ್ಲ, ಕೂತಲ್ಲೇ ಚಡಪಡಿಸುತ್ತಿದ್ದಳು. ಆದರೆ ಆಮೇಲೆ ಅದೇ ರೂಢಿಯಾಯಿತು.

ಊರಿಂದ ವಾಪಸು ಬಂದ ಮೇಲೆ ನನ್ನ ಕಣ್ಣಿಗೆ ಹೊಸ ಸಂಗತಿಯೊಂದು ಬಿತ್ತು. ಅಕ್ಕ ಎಂದೂ ಕೂರುತ್ತಿರಲಿಲ್ಲ. ಗಿರಾಕಿಗಳೆಲ್ಲ ಹೋದ ಮೇಲೆ ಒಲೆಯ ಪಕ್ಕ ನಿಂತು, ತಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು, ನಾಲ್ಕು ತುತ್ತು ನುಂಗುವುದೇ ಅವಳ ಊಟ. ಒಂದು ಭಾನುವಾರ ನಾವು ಏಳೆಂಟು ಜನ ಬೇಕೆಂದೇ ತಡವಾಗಿ ಹೋದೆವು. ಕಾಲು ಸುಟ್ಟುಕೊಂಡಿದ್ದ ಕನಕಪುರದವಳು ಅಕ್ಕನ ಕೈಯಿಂದ ಸೌಟು ಕಿತ್ತುಕೊಂಡಳು. “ನೀನು ಇವತ್ತು ಕೂತ್ಕ ಅಕ್ಕ.”

“ಬುಡ್ರವ್ವ, ಯಾರಾರ ಗಿರಾಕಿ ಬಂದಾರು.”

“ಬಂದ್ರೆ ನಾವ್ ಇಕ್ತೀವಿ.”

ತೋಳು ಹಿಡಿದು ಮುಂದಿನ ಬೆಂಚಿನಲ್ಲಿ ಕೂರಿಸಿದೆವು. ತಟ್ಟೆಯ ಮುಂದೆ ಅಕ್ಕ ಪರೀಕ್ಷೆಗೆ ಕೂತವಳ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ಒಂದು ತುತ್ತು ನುಂಗಿದಳು, ಇನ್ನೊಂದು ನುಂಗಿದಳು, ಹುಬ್ಬು ಗಂಟಿಕ್ಕಿತು.

“ಉಪ್ಪು ಒಸಿ ಜಾಸ್ತಿ ಐತೆ. ಇಷ್ಟ್ ವರ್ಸದಿಂದ ಒಬ್ರಾದ್ರೂ ಹೇಳ್‌ಬಾರ್ದಾ?”

“ನಾನು ಹೇಳಿದ್ದೆ,” ಅಂತ ಒಳಗಿನಿಂದ ಭಾವ.

ಅಕ್ಕ ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವಷ್ಟು.

ಎಂಟು ವರ್ಷ ಆ ಫ್ಯಾಕ್ಟರಿಯಲ್ಲಿ ದುಡಿದು, ಆಮೇಲೆ ನಾನು ಚನ್ನಪಟ್ಟಣದಲ್ಲಿ ಒಂದು ಟೈಲರಿಂಗ್ ಅಂಗಡಿ ಇಟ್ಟುಕೊಂಡೆ. ರಸ್ತೆ ಅಗಲವಾಗುವಾಗ ಅಕ್ಕನ ಚಪ್ಪರ ಹೋಯಿತು, ಹೋಟೆಲು ಹಿಂದಿನ ಬೀದಿಯ ತಾರಸಿ ಕಟ್ಟಡಕ್ಕೆ ಬದಲಾಯಿತು. ಬಡಾವಣೆಯಲ್ಲಿ ಈಗ ಆಂಧ್ರ ಮೆಸ್ಸು, ರೊಟ್ಟಿ ಹೋಟೆಲು ಎಲ್ಲ ಬಂದಿವೆ, ಎಲ್ಲ ಕಡೆಯೂ ಹೆಣ್ಣುಮಕ್ಕಳು ಗುಂಪಾಗಿ ಕೂತು ಉಣ್ಣುತ್ತಾರೆ. ಭಾವನಿಗೆ ಭುಜ ಹಿಡಿದುಕೊಂಡು ಕೋಲು ತಿರುವಲು ಆಗದಂತಾದಾಗ ಆ ಕನಕಪುರದವಳು ಫ್ಯಾಕ್ಟರಿ ಬಿಟ್ಟು ಅಕ್ಕನ ಹೋಟೆಲಿಗೇ ಸೇರಿದಳು. ಹೋಟೆಲಿನಲ್ಲಿ ನೂರು ಜನಕ್ಕೆ ಮುದ್ದೆ ತಿರುವುವ ಹೆಂಗಸನ್ನು ನಾನು ನೋಡಿದ್ದು ಅವಳೊಬ್ಬಳನ್ನೇ. ಮೊದಲ ಒಂದು ವಾರ ಗಂಟಾಯಿತಂತೆ, ಅಂಗೈ ಸುಟ್ಟಿತಂತೆ. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತ ಭಾವ ಬೈಯಲೂ ಇಲ್ಲ, ಹೊಗಳಲೂ ಇಲ್ಲ. ಎಂಟನೆಯ ದಿನ ಅವಳು ಉರುಳಿಸಿದ ಮುದ್ದೆಯೊಂದನ್ನು ತನ್ನ ತಟ್ಟೆಗೆ ಹಾಕಿಸಿಕೊಂಡು, ಪೂರ್ತಿ ಉಂಡು, ಇನ್ನೊಂದು ಕೇಳಿದನಂತೆ.