ಇನ್ನೂರ ಹತ್ತರ ಮೇಲಿನ ಗೋಪುರ

ನಾನು ಐಸ್ ಕ್ರೀಮ್ ತೂಗಿದ್ದೇನೆ. ಅದೂ ಅಂಗಡಿಯ ಮೂಲೆಯ ಮೇಜಿನ ಮೇಲೆ, ತರಕಾರಿ ಚೀಲದೊಳಗೆ ಅಡಗಿಸಿ ತಂದಿದ್ದ ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ, ಅಕ್ಕಪಕ್ಕದವರು ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು. ಐವತ್ತಾರು ವರ್ಷದ, ಇತಿಹಾಸದಲ್ಲಿ ಎಂ.ಎ. ಮಾಡಿ ಕೊಪ್ಪದ ಕಾಲೇಜೊಂದರಲ್ಲಿ ಪಾಠ ಹೇಳುವ ಮನುಷ್ಯನಿಗೆ ಇದು ಶೋಭಿಸುವ ಕೆಲಸವಲ್ಲ ಎಂದು ನನಗೂ ಗೊತ್ತು. ಆದರೆ ಅಂಗಡಿಯ ಗೋಡೆಯ ಮೇಲೆ ಒಂದು ಅಂಕಿಯಿತ್ತು. ಅದು ನಿಜವೋ ಸುಳ್ಳೋ ತಿಳಿಯದೆ ಬಿಡುವುದಿಲ್ಲ ಎಂದು ನಾನು ಹಟ ಹಿಡಿದಿದ್ದೆ.

ಇದೆಲ್ಲ ಶುರುವಾದದ್ದು ಒಂದು ರಕ್ತಪರೀಕ್ಷೆಯಿಂದ. ನಮ್ಮ ಡಾಕ್ಟರು ರಿಪೋರ್ಟನ್ನು ಕನ್ನಡಕದ ಒಳಗಿಂದ ಒಮ್ಮೆ, ಮೇಲಿಂದ ಒಮ್ಮೆ ನೋಡಿ, ಶುಗರ್ ಗಡಿ ದಾಟಿದೆ, ಮಾತ್ರೆ ಶುರು ಮಾಡುವ ಎಂದರು. ನಾನು ಬೇಡವೆಂದೆ. ಮೂರು ತಿಂಗಳು ಕೊಡಿ, ತಿಂದದ್ದನ್ನೆಲ್ಲ ಬರೆದಿಟ್ಟು, ಕ್ಯಾಲೊರಿ ಕೂಡಿಸಿ, ಪಥ್ಯದಲ್ಲೇ ಇಳಿಸುತ್ತೇನೆ ಎಂದು ಮಾತು ಕೊಟ್ಟೆ. ಅವರು ಒಪ್ಪಿದರು. ಸಿಹಿಯನ್ನು ಪೂರ್ತಿ ಬಿಟ್ಟರೆ ಹದಿನೈದು ದಿನವೂ ತಾಳಲಾರಿರಿ, ವಾರಕ್ಕೊಂದು ಸಲ ಏನಾದರೂ ತಿನ್ನಿ, ಆದರೆ ಬರೆಯಿರಿ ಎಂದು ರಿಯಾಯಿತಿಯನ್ನೂ ಕೊಟ್ಟರು. ಮೂರು ತಿಂಗಳಲ್ಲಿ ಇಳಿಯದಿದ್ದರೆ ಮಾತ್ರೆ, ಅದರಲ್ಲಿ ಚರ್ಚೆಯಿಲ್ಲ.

ಮಾತ್ರೆಗೆ ನಾನು ಹೆದರುವುದೇಕೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಲ್ಲಿ ಹೇಳಬಹುದು. ನನ್ನ ಅಮ್ಮ ಕೊನೆಯ ವರ್ಷಗಳಲ್ಲಿ ಉಂಡು ಕೈತೊಳೆದು ಬಂದು, ಕೈ ಇನ್ನೂ ಒದ್ದೆಯಿರುವಾಗಲೇ "ಇವತ್ತು ಊಟಕ್ಕೆ ಎಂತ ಇಷ್ಟು ತಡ?" ಎಂದು ಕೇಳುತ್ತಿದ್ದಳು. ಅವಳ ಮಾತ್ರೆಗಳ ಕತೆಯೂ ಅದೇ. ಒಂದು ದಿನ ಎರಡೆರಡು ಸಲ, ಇನ್ನೊಂದು ದಿನ ಇಲ್ಲವೇ ಇಲ್ಲ. ಅವಳು ಹೋದ ಮೇಲೆ ನನಗೆ ನನ್ನ ತಲೆಯ ಮೇಲಿನ ನಂಬಿಕೆ ಹೊರಟುಹೋಯಿತು. ಅಂದಿನಿಂದ ಡೈರಿ ಬರೆಯುತ್ತಿದ್ದೇನೆ. ಎಲ್ಲಿಗೆ ಹೋದೆ, ಯಾರು ಸಿಕ್ಕರು, ಕೊಡೆಯನ್ನು ಯಾರ ಮನೆಯಲ್ಲಿ ಬಿಟ್ಟು ಬಂದೆ, ಎಲ್ಲವೂ ಅದರಲ್ಲಿವೆ. ದಿನವೂ ನುಂಗಬೇಕಾದ ಮಾತ್ರೆಯೆಂದರೆ ನನಗೆ ದಿನವೂ ಬರೆಯಬೇಕಾದ ಪರೀಕ್ಷೆಯ ಹಾಗೆ. ಯಾವತ್ತೋ ಒಂದು ಬೆಳಿಗ್ಗೆ, ಈಗಷ್ಟೇ ತೆಗೆದುಕೊಂಡೆನೋ ಇಲ್ಲವೋ ಎಂದು ಡಬ್ಬಿಯ ಮುಂದೆ ನಿಂತುಬಿಡುತ್ತೇನೆ ಎಂಬ ಭಯ.

ಇರಲಿ. ವಾರಕ್ಕೊಂದು ಸಿಹಿ ಎಂದಾಗ ಯಾವುದು ಎಂಬ ಪ್ರಶ್ನೆ ಬಂತು. ಮನೆಯ ತಿಂಡಿಗಳ ಲೆಕ್ಕ ಸಿಗುವುದಿಲ್ಲ. ಒಂದು ಹೋಳಿಗೆಗೆ ಎಷ್ಟು ಕ್ಯಾಲೊರಿಯಿರಬಹುದು ಎಂದು ಹೆಂಡತಿ ವಿಮಲಳನ್ನು ಕೇಳಿದರೆ, "ತುಪ್ಪ ಹಾಕಿಕೊಂಡೋ, ತುಪ್ಪದಲ್ಲಿ ಮುಳುಗಿಸಿಕೊಂಡೋ?" ಎಂದು ನನ್ನನ್ನೇ ಕೇಳುತ್ತಾಳೆ. ಆಗ ನೆನಪಾದದ್ದು ಬಸ್ ನಿಲ್ದಾಣದ ಎದುರಿನ ಫಾಸ್ಟ್ ಫುಡ್ ಅಂಗಡಿ. ಯಾವುದೋ ದೊಡ್ಡ ಕಂಪನಿಯ ಶಾಖೆ. ಬರ್ಗರು, ಆಲೂ ಫ್ರೈ ಎಲ್ಲ ಆದ ಮೇಲೆ ಬೋರ್ಡಿನ ಕೊನೆಯಲ್ಲಿ ಮೂರು ಸಿಹಿ. ಪ್ರತಿಯೊಂದರ ಪಕ್ಕದಲ್ಲೂ ಕ್ಯಾಲೊರಿ. ಚಾಕೊಲೇಟ್ ಕಪ್, ನೂರು ಗ್ರಾಂ, ಇನ್ನೂರ ಹತ್ತು. ಅಚ್ಚಾದ ಅಂಕಿ ಕಂಡರೆ ಓದಿದವನಿಗೆ ಆಗುವ ಸಮಾಧಾನ ನಿಮಗೂ ಗೊತ್ತಿರಬಹುದು. ಪ್ರತಿ ಶನಿವಾರ ಒಂದು ಚಾಕೊಲೇಟ್ ಕಪ್ ತಿಂದು, ಮನೆಗೆ ಬಂದು "೨೧೦" ಎಂದು ಬರೆದು ಕೆಳಗೆ ಗೆರೆ ಎಳೆಯುತ್ತಿದ್ದೆ. ಮಹಾ ಶಿಸ್ತಿನ ಮನುಷ್ಯನ ಹಾಗೆ.

ಈ ಕ್ಯಾಲೊರಿಯೂ ಒಂದು ವಿಚಿತ್ರ ಅಳತೆ. ತಿಂಡಿಯ ಲೆಕ್ಕದಲ್ಲಿ ನಾವು ಒಂದು ಕ್ಯಾಲೊರಿ ಎನ್ನುವುದು ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವಷ್ಟು ಶಾಖ. ಹಲ್ಲು ಜುಂ ಎನ್ನಿಸುವ ಐಸ್ ಕ್ರೀಮನ್ನು ಅಳೆಯುವುದು ಬಿಸಿಯಿಂದ. ನಾನು ಕೂತು ಗುಣಿಸಿ ನೋಡಿದೆ: ಒಂದು ಕಪ್ಪಿನೊಳಗಿನ ಶಾಖದಿಂದ ಇಪ್ಪತ್ತು ಲೀಟರಿನ ಒಂದು ಕೊಡಪಾನ ನೀರು ಹತ್ತು ಡಿಗ್ರಿ ಬಿಸಿಯಾಗಬೇಕು. ಬಚ್ಚಲ ಒಲೆಗೆ ಅಷ್ಟಕ್ಕೆ ಎಷ್ಟು ಸೌದೆ ಬೇಕೆಂದು ಬಲ್ಲವನಿಗೆ ಆ ಪುಟ್ಟ ಕಪ್ಪಿನ ಬಗ್ಗೆ ಗೌರವವೇ ಹುಟ್ಟುತ್ತದೆ. ವಿಮಲಳಿಗೆ ಇದನ್ನು ಹೇಳಿದೆ. ಹಾಗಾದರೆ ನಾಳೆಯಿಂದ ನೀವೇ ಹಂಡೆಯ ಕೆಳಗೆ ಕೂತುಕೊಳ್ಳಿ ಎಂದಳು.

ಎರಡು ತಿಂಗಳು ಕಳೆಯಿತು. ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಯಂತ್ರದ ಅಂಕಿ ಇಳಿಯಲಿಲ್ಲ. ಬೆಲ್ಟು ಹಳೆಯ ತೂತಿನಲ್ಲೇ ನಿಂತಿತು. ನನ್ನ ಡೈರಿಯೋ ನಿಷ್ಕಳಂಕವಾಗಿತ್ತು. ಹಾಗಾದರೆ ತಪ್ಪಿರುವುದು ಗೋಡೆಯ ಮೇಲೆಯೇ ಎಂದು ತೀರ್ಮಾನಿಸಿದೆ. ಒಂದೇ ಆಧಾರವನ್ನು ನಂಬಬೇಡಿ, ಎರಡನೆಯದನ್ನು ಹುಡುಕಿ ಎಂದು ಮೂವತ್ತು ವರ್ಷದಿಂದ ಮಕ್ಕಳಿಗೆ ಹೇಳುತ್ತಾ ಬಂದವನು, ವಿಮಲ ಕೇಕಿಗೆ ಮೈದಾ ತೂಗಲು ತಂದಿದ್ದ ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಖಾಲಿ ಕಪ್ಪಿನ ತೂಕ ಕಳೆದು ನೂರ ನಲವತ್ತಾರು ಗ್ರಾಂ ಬಂತು. ಮುಂದಿನ ಶನಿವಾರ ನೂರ ಐವತ್ತೆರಡು. ಎರಡನೆಯ ಸಲ ಸಿಕ್ಕಿಬಿದ್ದೆ.

ಆ ಅಂಗಡಿ ನಡೆಸುವವರು ಬಸರೀಕಟ್ಟೆ ಕಡೆಯ ಸುಮಿತ್ರಕ್ಕ. ಊರಿನ ಮದುವೆ ಮನೆಗಳಲ್ಲಿ ಪಂಕ್ತಿಗೆ ಬಡಿಸಿ ಪಳಗಿದ ಕೈ ಅವರದು. ಟೇಬಲ್ ಒರೆಸುವ ನೆವದಲ್ಲಿ ಹತ್ತಿರ ಬಂದು, ತಕ್ಕಡಿಯನ್ನು ನೋಡಿ, "ಎಂತ ಮೇಷ್ಟ್ರೇ, ಕಾಳುಮೆಣಸು ತಂದಿದ್ದೀರಾ?" ಎಂದರು. ನಾನು ಬೆವರುತ್ತಾ ಎಲ್ಲ ವಿವರಿಸಿದೆ. ಅವರಿಗೆ ಸಿಟ್ಟು ಬರಲಿಲ್ಲ. ಕಂಪನಿಯವರು ಒಂದು ಸೌಟು ಕೊಟ್ಟಿದ್ದಾರೆ, ಅದನ್ನು ತುಂಬಿಸಿ ಡಬ್ಬಿಯ ಅಂಚಿಗೆ ಸವರಿ ಮಟ್ಟ ಮಾಡಿ ಹಾಕಬೇಕು, ಆಗ ನೂರು ಗ್ರಾಂ ಸರಿಯಾಗಿ ಬರುತ್ತದೆ ಎಂದರು. ಮತ್ತೆ ಹೀಗೇಕೆ ಎಂದು ಕೇಳಿದೆ.

"ಗುರುತಿನವರಿಗೆ ಸವರಿ ಕೊಡೋದು ಹೇಗೆ ಮಾರಾಯ್ರೆ? ನಾಳೆ ನಿಮ್ಮ ಮನೆಯವರು ಬಸ್ಸಿನಲ್ಲಿ ಸಿಕ್ಕಿದ್ರೆ ನಾನು ಮುಖ ಎಲ್ಲಿಡಲಿ?"

ಅವರ ಪ್ರಶ್ನೆ ನನಗೆ ಅರ್ಥವಾಯಿತು. ನಮ್ಮ ಅಮ್ಮ ಅಕ್ಕಿ ಅಳೆಯುವಾಗ ಸೇರಿನ ಮೇಲೆ ಗೋಪುರ ನಿಲ್ಲುತ್ತಿತ್ತು. ಅಂಗಡಿಯವನು ಅಂಗೈಯಿಂದ ಸವರಿ ಮಟ್ಟ ಮಾಡುತ್ತಿದ್ದ. ಇಬ್ಬರೂ ಅದನ್ನು ಒಂದು ಸೇರು ಎಂದೇ ಕರೆಯುತ್ತಿದ್ದರು, ಮತ್ತು ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಸೇರಿನೊಳಗಿನದ್ದು ಅಳತೆ, ಮೇಲೆ ನಿಂತದ್ದು ಮರ್ಯಾದೆ. ಮರ್ಯಾದೆಗೆ ಕ್ಯಾಲೊರಿ ಇರುತ್ತದೆಂದು ಯಾರೂ ಯೋಚಿಸಿರಲಿಲ್ಲ, ಅಷ್ಟೆ.

ಆದರೂ ಪರೀಕ್ಷೆ ಪೂರ್ತಿಯಾಗಬೇಕಲ್ಲ. ಅದೇ ವಾರ ಕಾಲೇಜಿನ ಕೆಲಸದ ಮೇಲೆ ಶೃಂಗೇರಿಗೆ ಹೋದವನು ಅಲ್ಲಿನ ಅದೇ ಕಂಪನಿಯ ಶಾಖೆಗೆ ನುಗ್ಗಿದೆ. ಅಲ್ಲಿ ದೂರದೂರಿನ ಯಾತ್ರಿಕರ ಸಾಲು. ಬಡಿಸುವ ಹುಡುಗಿ ತಲೆ ಎತ್ತಿ ನೋಡದೆ, ಸೌಟನ್ನು ಅಂಚಿಗೆ ಸವರಿ ಕೊಟ್ಟಳು. ತೊಂಬತ್ತೊಂಬತ್ತು ಗ್ರಾಂ. ಎರಡು ಚಮಚ ತಿಂದು, ಇದು ಪರೀಕ್ಷೆಯ ಕಪ್ಪು, ನನ್ನದಲ್ಲ ಎಂದು ಬಿಟ್ಟೆದ್ದೆ. ರುಚಿ ಅದೇ. ಆದರೂ ಏನೋ ಔಷಧಿ ತೆಗೆದುಕೊಂಡಂತಾಯಿತು. ಅಂತೂ ಗೋಡೆಯ ಅಂಕಿ ಅಪರಿಚಿತರ ಮಟ್ಟಿಗೆ ಸತ್ಯ ಎಂದು ಸಿದ್ಧವಾಯಿತು.

ಮರುದಿನ ಗೆದ್ದವನ ಹಾಗೆ ಸುಮಿತ್ರಕ್ಕನ ಮುಂದೆ ನಿಂತೆ. ನಿಮ್ಮ ಗೋಪುರದಿಂದ ನನ್ನ ಲೆಕ್ಕವೆಲ್ಲ ತಪ್ಪಿದೆ, ಡಾಕ್ಟರ ಹತ್ತಿರ ಹೋಗಲು ಎರಡೇ ವಾರ ಉಳಿದಿದೆ, ಮಾತ್ರೆ ನುಂಗುವ ಪ್ರಸಂಗ ಬಂದರೆ ಅದು ನಿಮ್ಮಿಂದ ಎಂದು ನಗುತ್ತಲೇ ಆದರೂ ಸ್ವಲ್ಪ ಗಂಭೀರವಾಗಿಯೇ ಹೇಳಿದೆ. ಪುರಾವೆಗೆ ಡೈರಿಯನ್ನೂ ತೋರಿಸಿದೆ. ಹತ್ತು ವಾರ, ಹತ್ತು ಶನಿವಾರ, ಹತ್ತು ಕಪ್. ಅವರು ಬೆರಳಿಟ್ಟು ಪುಟ ಪುಟ ಓದಿದರು.

"ನನ್ನ ಗೋಪುರ ಅಲ್ಲಿರಲಿ ಮೇಷ್ಟ್ರೇ. ಬುಧವಾರದ್ದು ಎಲ್ಲಿ ಬರೆದಿದ್ದೀರಿ?"

ಬುಧವಾರ ನಾನು ತಿನ್ನುವುದಿಲ್ಲ ಎಂದೆ. ವಿಮಲ ನರಸಿಂಹರಾಜಪುರದ ಶಾಲೆಯಲ್ಲಿ ಟೀಚರು. ಬುಧವಾರ ಶಾಲೆಯಲ್ಲಿ ಮೀಟಿಂಗ್ ಇದ್ದು ತಡವಾದ ಬಸ್ಸಿಗೆ ಬರುತ್ತಾಳೆ. ನಾನು ಸುಮ್ಮನೆ ಇಲ್ಲಿ ಕೂತು ಕಾಯುತ್ತೇನೆ.

"ಕಾಯ್ತೀರಿ, ಹೌದು. ಬಾಯಿ ಮುಚ್ಚಿಕೊಂಡು ಕಾಯೋದಿಲ್ಲವಲ್ಲ. ಎಲ್ಲಿ, ಕಾರ್ಡು ತೆಗೀರಿ."

ಕಂಪನಿಯವರ ಇನ್ನೊಂದು ಯೋಜನೆ ಅದು. ಒಂದು ಕಪ್ ತಿಂದರೆ ಕಾರ್ಡಿನ ಮೇಲೆ ತಾರೀಕಿನ ಒಂದು ಮುದ್ರೆ. ಹತ್ತು ಮುದ್ರೆಯಾದರೆ ಒಂದು ಕಪ್ ಉಚಿತ. ನನ್ನ ಜೇಬಿನಲ್ಲಿದ್ದ ಕಾರ್ಡಿನಲ್ಲಿ ಎಂಟು ಮುದ್ರೆಗಳಿದ್ದವು. ಅದು ಎರಡನೆಯ ಕಾರ್ಡು. ಮೊದಲನೆಯದು ತುಂಬಿ, ಉಚಿತದ್ದನ್ನೂ ತಿಂದು, ಅವರ ಡ್ರಾಯರಿಗೆ ಸೇರಿತ್ತು. ಸುಮಿತ್ರಕ್ಕ ಅದನ್ನು ತೆಗೆದು ಡೈರಿಯ ಪಕ್ಕಕ್ಕಿಟ್ಟರು. ಹತ್ತು, ಎಂಟು, ಉಚಿತದ್ದೊಂದು. ಹತ್ತೊಂಬತ್ತು ಕಪ್. ಡೈರಿಯಲ್ಲಿ ಹತ್ತು. ಎರಡನೆಯ ಆಧಾರ ಎಂದರೆ ಇದು. ಹುಡುಕುವವನ ಜೇಬಿನಲ್ಲೇ ಇತ್ತು.

ಮನೆಗೆ ಬಂದು ಬುಧವಾರದ ಪುಟಗಳನ್ನೆಲ್ಲ ತಿರುವಿದೆ. "ಬಸ್ಸು ಮುಕ್ಕಾಲು ಗಂಟೆ ತಡ." "ಬಸ್ಸು ತಡ. ವಿಮಲಳಿಗೆ ತಲೆನೋವು." "ಬಸ್ಸು ಇವತ್ತೂ ತಡ." ಒಂದೂ ಸುಳ್ಳಲ್ಲ. ಐಸ್ ಕ್ರೀಮಿನ ಸುದ್ದಿ ಮಾತ್ರ ಎಲ್ಲಿಯೂ ಇಲ್ಲ. ಇನ್ನೂ ಕೆಟ್ಟದ್ದೆಂದರೆ, ಆ ಒಂಬತ್ತರಲ್ಲಿ ಎಷ್ಟನ್ನು ತಿಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ ಎಂದು ಕೇಳಿಕೊಂಡಾಗ ಎರಡು ಮೂರಕ್ಕಿಂತ ಹೆಚ್ಚು ಸಿಗಲಿಲ್ಲ. ಅಮ್ಮನ ಒದ್ದೆ ಕೈ ಕಣ್ಣ ಮುಂದೆ ಬಂತು. ಹೀಗೆಯೇ ಶುರುವಾಗುವುದಿರಬೇಕು ಎಂದುಕೊಂಡೆ. ಶುಗರ್, ಮಾತ್ರೆ, ಗೋಡೆಯ ಅಂಕಿ ಯಾವುದೂ ಆಗ ದೊಡ್ಡದೆನಿಸಲಿಲ್ಲ.

ವಿಮಲ ಕಾಫಿ ಹಿಡಿದು ಬಂದಾಗ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದೆ. ನನ್ನ ಭಯವನ್ನೂ ಹೇಳಿದೆ. ಅವಳು ಲೋಟವನ್ನು ಕೆಳಗಿಟ್ಟಳು.

"ಅತ್ತೆ ಊಟ ಮರೀತಿದ್ರು. ಕಹಿ ಕಷಾಯ ಕುಡಿದದ್ದನ್ನೂ ಮರೀತಿದ್ರು, ನನ್ನ ಹೆಸರನ್ನೂ ಮರೀತಿದ್ರು. ನೀವು ಹಾಗಲಕಾಯಿ ಪಲ್ಯ ತಿಂದದ್ದು ಒಂದು ದಿನವಾದ್ರೂ ಬರೆಯದೆ ಬಿಟ್ಟಿದ್ದೀರಾ? ಮರೆವು ಹೀಗೆ ಆರಿಸಿ ಆರಿಸಿ ಬರೋದಿಲ್ಲ. ಇದು ಮರೆವಲ್ಲ ಮಾರಾಯ್ರೆ, ಕಳ್ಳತನ."

ಪ್ರತಿ ಬುಧವಾರ ಬಸ್ಸಿನಿಂದ ಇಳಿದಾಗ ನಿಮ್ಮ ಮೀಸೆಯ ಮೇಲೆ ಚಾಕೊಲೇಟು ಕಾಣುತ್ತಿತ್ತು, ಡಾಕ್ಟರಿಗೆ ಹೇಳಿಯೇ ತಿನ್ನುತ್ತಿದ್ದೀರಿ ಎಂದುಕೊಂಡಿದ್ದೆ ಎಂದೂ ಸೇರಿಸಿದಳು.

ಕಳ್ಳ ಎನ್ನಿಸಿಕೊಂಡು ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಯೋಚಿಸಿದಷ್ಟೂ ಅವಳ ಮಾತು ಸರಿಯೆನಿಸಿತು. ರಾಜರು ಗೆದ್ದ ಯುದ್ಧವನ್ನು ಕಲ್ಲಿನಲ್ಲಿ ಕೆತ್ತಿಸುತ್ತಾರೆ; ಸೋತ ವರ್ಷದಲ್ಲಿ ಕೆರೆ ಕಟ್ಟಿಸಿದ್ದನ್ನು ಕೆತ್ತಿಸುತ್ತಾರೆ. ಶಾಸನದಲ್ಲಿ ಇರುವುದಕ್ಕಿಂತ ಇಲ್ಲದಿರುವುದನ್ನು ಓದಲು ಕಲಿಯಿರಿ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿಲ್ಲ! "ಬಸ್ಸು ತಡ" ಎಂಬುದು ನಾನು ಕಟ್ಟಿಸಿದ ಕೆರೆ. ಅಲ್ಲಿಯವರೆಗೆ ನಾನು ನೆನಪನ್ನು ಮಾತ್ರ ಅನುಮಾನಿಸುತ್ತಿದ್ದೆ. ಬರೆಯುವ ಕೈಯೂ ನನ್ನದೇ ಎಂಬುದನ್ನು ಗಮನಿಸಿರಲಿಲ್ಲ.

ಮೂರು ತಿಂಗಳಾದಾಗ ಡಾಕ್ಟರ ಮುಂದೆ ಕೂತೆ. ಮೂರು ತಿಂಗಳ ಸರಾಸರಿಯನ್ನು ಹೇಳುವ ಪರೀಕ್ಷೆಯೊಂದಿದೆಯಲ್ಲ, ಅದನ್ನು ಮಾಡಿಸಿದ್ದರು. ರಕ್ತ ತನ್ನ ಡೈರಿಯನ್ನು ತಾನೇ ಬರೆದುಕೊಳ್ಳುತ್ತದೆ, ಬುಧವಾರ ಬಿಡುವುದಿಲ್ಲ. ಅಂಕಿ ಇದ್ದಲ್ಲೇ ಇತ್ತು. ಅವರು ನನ್ನ ಪುಸ್ತಕವನ್ನು ನೋಡಿ, ಅಕ್ಷರ ಚೆನ್ನಾಗಿದೆ ಎಂದು, ಮಾತ್ರೆ ಬರೆಯಲು ಪೆನ್ನು ತೆಗೆದರು. ನಾನು ಎರಡು ಕಾರ್ಡುಗಳನ್ನು ಮೇಜಿನ ಮೇಲಿಟ್ಟೆ. ಮೊದಲನೆಯದನ್ನು ಸುಮಿತ್ರಕ್ಕನಿಂದ ಕೇಳಿ ತಂದಿದ್ದೆ. ಗೋಪುರದ ವಿಷಯವನ್ನೂ ಬುಧವಾರದ ವಿಷಯವನ್ನೂ ಹೇಳಿ ಮುಗಿಸಿದೆ. ಡಾಕ್ಟರು ಮುದ್ರೆಗಳನ್ನು ಒಂದೊಂದಾಗಿ ಎಣಿಸಿದರು.

"ಪಥ್ಯ ಮಾಡಿ ಸೋತವರಿಗೆ ನಾನು ಮಾತ್ರೆ ಕೊಡುವುದು. ನೀವು ಸೋತೇ ಇಲ್ಲ ಮೇಷ್ಟ್ರೇ, ಪಥ್ಯವನ್ನೇ ಮಾಡಲಿಲ್ಲವಲ್ಲ."

ಪೆನ್ನಿನ ಮುಚ್ಚಳ ಹಾಕಿದರು. ಇನ್ನು ಮೂರು ತಿಂಗಳು, ಆಮೇಲೆ ಮಾತಿಲ್ಲ ಎಂದರು. ಮಾತ್ರೆ ಬಂದರೂ ಬರಲಿ, ತೆಗೆದುಕೊಂಡದ್ದನ್ನು ವಿಮಲ ನೋಡಿರುತ್ತಾಳೆ ಎಂಬ ಧೈರ್ಯ ಈಗ ನನಗಿದೆ. ಆದರೂ ಅಷ್ಟು ಸುಲಭಕ್ಕೆ ಬಿಟ್ಟುಕೊಡುವವನಲ್ಲ.

ಈಗಿನ ಏರ್ಪಾಡು ಹೀಗೆ. ತಿಂದಮೇಲೆ ಬರೆಯುವುದಿಲ್ಲ, ಬರೆದಮೇಲೆ ತಿನ್ನುತ್ತೇನೆ. ಚಮಚ ಎತ್ತುವ ಮೊದಲು ಡೈರಿ ತೆರೆಯಬೇಕು. ಮೊದಲ ಶನಿವಾರ ಸುಮಿತ್ರಕ್ಕನಿಗೆ, ಇವತ್ತು ಸವರಿಯೇ ಕೊಡಿ ಎಂದೆ. ಅವರು ಸೌಟು ಹಿಡಿದು ನಿಂತೇ ಇದ್ದರು, ಕೈ ಬರಲಿಲ್ಲ. ಕೊನೆಗೆ ಮಕ್ಕಳ ಸಣ್ಣ ಕಪ್ಪನ್ನು ತೆಗೆದು, ಅದರ ಮೇಲೆ ಗೋಪುರ ನಿಲ್ಲಿಸಿ ತಂದಿಟ್ಟು, "ತೂಗಿಕೊಳ್ಳಿ" ಎಂದರು. ನೂರ ಎರಡು ಗ್ರಾಂ. ಕಂಪನಿಯ ಅಂಕಿ ಉಳಿಯಿತು, ಅವರ ಮುಖವೂ ಉಳಿಯಿತು. ಎರಡು ಗ್ರಾಂ ಹೆಚ್ಚಾದದ್ದನ್ನು ನಾನು ಪ್ರಶ್ನಿಸಲಿಲ್ಲ.

ಬುಧವಾರ ಮಾತ್ರ ರಸ್ತೆಯ ಈಚೆ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂರುತ್ತೇನೆ. ಮೊನ್ನೆ ಎದುರಿನ ಅಂಗಡಿಯ ಗಾಜಿನೊಳಗಿಂದ ಸುಮಿತ್ರಕ್ಕ ಸೌಟು ಎತ್ತಿ, ಬೇಕಾ ಎಂಬಂತೆ ತೋರಿಸಿದರು. ನಾನು ಪೆನ್ನು ಎತ್ತಿ ತೋರಿಸಿದೆ. ವಿಮಲಳ ಬಸ್ಸು ಬಂದು ನಿಲ್ಲುವಷ್ಟರಲ್ಲಿ ಬರೆದು ಮುಗಿಸಿದ್ದೆ: "ಬಸ್ಸು ಮುಕ್ಕಾಲು ಗಂಟೆ ತಡ. ತಿನ್ನಲಿಲ್ಲ. ನಲವತ್ತೈದು ನಿಮಿಷವೂ ತಿನ್ನಬೇಕೆನಿಸಿತು."