ಬಿಸಿಲಿಗೆ ಮೊದಲು ಮುಲಾಮು

ಮಧ್ಯಾಹ್ನ ಹನ್ನೆರಡೂ ಇಪ್ಪತ್ತಕ್ಕೆ, ರಾಯಚೂರಿನಿಂದ ದೇವದುರ್ಗಕ್ಕೆ ಹೊರಟಿದ್ದ ನಮ್ಮ ಬಸ್ಸು ಬಯಲಿನಲ್ಲಿ ಕೆಟ್ಟು ನಿಂತಿತು. ಎಂಬತ್ತರ ದಶಕದ ಬೇಸಿಗೆ. ಒಳಗೆ ಕೂರಲಾಗದ ಸೆಕೆಗೆ ಎಲ್ಲರೂ ಕೆಳಗಿಳಿದೆವು; ಹೊರಗೆ ಒಂದು ಗಿಡದ ನೆರಳೂ ಇಲ್ಲ. ನನ್ನ ಜೊತೆ ಪಕ್ಕದ ಮನೆಯ ಹುಲಿಗೆಮ್ಮ, ಆಕೆಯ ಆರು ವರ್ಷದ ಮಗಳು ಶಾಂತಿ ಇದ್ದರು. ಶಾಂತಿಯ ಮೈ, ಕೂದಲು ಹುಟ್ಟಿನಿಂದಲೇ ಹಾಲಿನಂತೆ ಬಿಳಿ. ಬಿಸಿಲು ತಾಗಿದರೆ ಬೊಬ್ಬೆಗಳು ಏಳುತ್ತಿದ್ದವು. ತಾಯಿ ಸೆರಗು ಹೊದಿಸಿದರೂ ಅರ್ಧ ತಾಸಿನಲ್ಲಿ ಮಗುವಿನ ಕೆನ್ನೆ ಕೆಂಪೇರಿತು.

ಬಿಸಿಲಿಗೆಂದು ರಾಯಚೂರಿನ ಡಾಕ್ಟರು ಅಂದು ಬೆಳಿಗ್ಗೆಯೇ ಕೊಟ್ಟಿದ್ದ ಬಿಳಿ ಮುಲಾಮು ಚೀಲದಲ್ಲಿತ್ತು. ಹಚ್ಚು ಎಂದೆ.

"ಸುಟ್ಟ ಮ್ಯಾಲ ಹಚ್ಚೂದಲ್ಲೇನ್ರೀ ಅಕ್ಕಾರ? ರಾತ್ರಿ ಹಚ್ತೀನಿ," ಎಂದಳು ಹುಲಿಗೆಮ್ಮ. ಬಿ.ಎ. ಓದಿದ ನಾನೂ ಹೌದೆಂದೇ ನಂಬಿದೆ.

ಪಕ್ಕದಲ್ಲಿದ್ದ ಬಳೆ ಮಾರುವ ಮುದುಕಿ ಖಾಸೀಂಬಿ ಗದರಿದಳು: "ಮಳಿ ನಿಂತ ಮ್ಯಾಲ ಛತ್ರಿ ಬಿಚ್ತಿಯೇನ ಬೇ? ತಾ ಇಲ್ಲಿ!"

"ಒಲ್ಲೆ, ಎಲ್ಲಾರೂ ನಗ್ತಾರ," ಎಂದು ಶಾಂತಿ ಮುಖ ತಿರುಗಿಸಿದಳು. ಖಾಸೀಂಬಿ ಮುಲಾಮನ್ನು ಮೊದಲು ತನ್ನ ಮೂಗಿಗೇ ದಪ್ಪಗೆ ಬಳಿದುಕೊಂಡಳು. "ನೋಡು, ನಾ ಈಗ ಮೇಮ್‌ಸಾಬ್!" ಬಸ್ಸಿನವರೆಲ್ಲ ನಕ್ಕರು. ಶಾಂತಿಯೂ ನಕ್ಕು ಮುಖ ಒಡ್ಡಿದಳು. ಬೇರೆ ಬಸ್ಸು ಬಂದದ್ದು ಎರಡು ತಾಸಿನ ನಂತರ. ಆ ಮುದುಕಿ ಇರದಿದ್ದರೆ ಮಗುವಿನ ಗತಿ ಏನಾಗುತ್ತಿತ್ತೋ.

ಮುಲಾಮು ಹಚ್ಚುವ ಮೊದಲೇ ತಾಗಿದ್ದ ಬಿಸಿಲಿನ ಉರಿಗೆ ತಾಯಿ, ಮಗಳು ಹಲವು ರಾತ್ರಿ ನಿದ್ದೆಗೆಟ್ಟರು. ಆದರೆ ಶಾಲೆ ಶುರುವಾದ ದಿನ ಶಾಂತಿ ಬೆಳಿಗ್ಗೆಯೇ ಮುಲಾಮು ಬಳಿದುಕೊಂಡು ತಲೆಯೆತ್ತಿ ಹೊರಟಳು. ಸಂಜೆ ಕೆನ್ನೆಯ ಮೇಲೆ ಒಂದು ಕೆಂಪು ಗುರುತೂ ಇರಲಿಲ್ಲ. ಅಂದು ರಾತ್ರಿ ತಾಯಿ, ಮಗಳು ಇಬ್ಬರೂ ಒಮ್ಮೆಯೂ ಎಚ್ಚರಗೊಳ್ಳದೆ ಬೆಳಗಿನವರೆಗೆ ಮಲಗಿದರು.