ತೂಕ ಬಲ್ಲ ತೋಳುಗಳು

ಆಸ್ಪತ್ರೆ ತಲುಪುವ ಮೊದಲೇ, ಓಡುವ ಆಂಬುಲೆನ್ಸಿನಲ್ಲೇ ಮಕ್ಕಳಿಗೆ ರಕ್ತ ಕೊಡಬಹುದೆಂದು ನಮ್ಮಲ್ಲಿ ಮೊದಲು ನಂಬಿದವರು, ನಂಬಿ ಮಾಡಿ ತೋರಿಸಿದವರು ನಮ್ಮ ಹಿರಿಯ ನರ್ಸ್. ಮಕ್ಕಳ ವಾರ್ಡಿಗೆಲ್ಲ ಅವರು 'ತಕ್ಕಡಿ ಅಕ್ಕ'. ಮೂವತ್ತನಾಲ್ಕು ವರ್ಷಗಳ ಸೇವೆಯ ನಂತರ ನಿವೃತ್ತರಾಗುತ್ತಿರುವ ಅವರ ತಾಳ್ಮೆಯ ಕುರಿತು ಬರೆಯಬೇಕೆಂದು ಅಭಿನಂದನಾ ಸಂಪುಟದ ಸಮಿತಿ ನನ್ನನ್ನು ಕೇಳಿದೆ. ಕ್ಷಮಿಸಬೇಕು, ಆ ತಾಳ್ಮೆಯನ್ನು ಹೊಗಳುವುದು ನನ್ನಿಂದಾಗದು. ಅದನ್ನು ಅವರ ಮೇಲೆ ಹೇರಿದವರು ಯಾರೆಂಬುದು ನನಗೆ ಗೊತ್ತು.

ಪದವಿ ಮುಗಿಸಿ ನಾನು ಅವರ ಕೈಕೆಳಗೆ ಸೇರಿದ ವರ್ಷವೇ ನಮ್ಮ ವಾಹನಕ್ಕೆ ರಕ್ತದ ಪೆಟ್ಟಿಗೆ ಬಂದಿತ್ತು. ಅದರ ಮುದ್ರೆ ಒಡೆಯಲು ಆಂಬುಲೆನ್ಸ್ ಸೇವೆಯ ಕಚೇರಿಯಿಂದ ಫೋನಿನಲ್ಲಿ ಅನುಮತಿ ಬೇಕು. ಅನುಮತಿಗೆ ಮಗುವಿನ ತೂಕ ಬೇಕು, ರಕ್ತದ ಅಳತೆ ತೂಕದ ಮೇಲೆ ನಿಂತಿದೆಯಲ್ಲ. ಒಂದು ಮಧ್ಯಾಹ್ನ ಕಬ್ಬಿಣದ ಗೇಟು ಮೈಮೇಲೆ ಬಿದ್ದಿದ್ದ ಪುಟ್ಟ ಹುಡುಗಿಯನ್ನು ಹತ್ತಿಸಿಕೊಂಡೆವು. ಅಕ್ಕನ ಎರಡೂ ಕೈ ಮಗುವಿನ ತೊಡೆಯ ಗಾಯವನ್ನು ಒತ್ತಿ ಹಿಡಿದಿದ್ದವು. ಫೋನು ನನ್ನ ಕೈಯಲ್ಲಿತ್ತು, ಆ ಕಡೆ ಕಚೇರಿಯ ಅಧಿಕಾರಿ.

"ತೂಕ ಎಷ್ಟು?"

"ಗೊತ್ತಿಲ್ಲ ಸರ್. ತೂಗೋಕೆ ಇಲ್ಲಿ ಏನೂ ಇಲ್ಲ."

"ಗೊತ್ತಿಲ್ಲ ಅಂತ ಬರ್ಕೊಳ್ಳೋಕೆ ಇಲ್ಲಿ ಜಾಗ ಇಲ್ಲ ಕಣ್ರೀ. ತೂಕ ಹೇಳಿ, ಆಮೇಲೆ ಮಾತಾಡಿ."

"ಏನೋ ಒಂದು ಹೇಳ್ಬಿಡಪ್ಪಾ!" ಎಂದು ಚಾಲಕರು ಮುಂದಿನಿಂದ ಕೂಗಿದರು. ನಾನು ಹೇಳಲಿಲ್ಲ. ಸುಳ್ಳು ಬರೆಯಬಾರದೆಂದು ಓದಿ ಬಂದವನು ನಾನು. ಒಂಬತ್ತು ನಿಮಿಷ ಫೋನು ಹಿಡಿದು ಪ್ರಾಮಾಣಿಕನಾಗಿಯೇ ಉಳಿದೆ. ಆಸ್ಪತ್ರೆಯ ಬಾಗಿಲಿಗೆ ಬಂದಾಗ ಪೆಟ್ಟಿಗೆಯ ಮುದ್ರೆ ಹಾಗೆಯೇ ಇತ್ತು, ಮಗು ಇರಲಿಲ್ಲ. ಒಳಗೆ ತೂಗಿ ದಾಖಲಿಸಿದರು: ಹದಿಮೂರು ಕಿಲೋ.

ಅಕ್ಕ ನನ್ನನ್ನು ಬೈಯಲಿಲ್ಲ. ಮರುವಾರದಿಂದ ಅವರು ತಮ್ಮ ರಜೆಯ ದಿನಗಳಲ್ಲೆಲ್ಲ ಮಕ್ಕಳ ವಾರ್ಡಿಗೆ ಹೋಗತೊಡಗಿದರು. ಒಂದೊಂದೇ ಮಗುವನ್ನು ಎತ್ತಿ, ತೂಕ ಊಹಿಸಿ, ಆಮೇಲೆ ಯಂತ್ರದ ಮೇಲೆ ನಿಲ್ಲಿಸಿ ನೋಡುತ್ತಿದ್ದರು.

"ಅಕ್ಕಾ, ನಾನು ಇವತ್ತು ಎಷ್ಟು?"

"ಹೋದ ಸಲ ಹದಿನಾರು, ಇವತ್ತು ಹದಿನಾರೂವರೆ. ಜೇಬಲ್ಲಿ ಕಲ್ಲು ತುಂಬ್ಕೊಂಡು ಬಂದಿದ್ದೀಯೇನೋ ಕಳ್ಳಾ?"

ಒಂದು ವರ್ಷದೊಳಗೆ, ಮಗುವನ್ನು ನೆಲದಿಂದ ಸ್ಟ್ರೆಚರಿಗೆ ಇಡುವಷ್ಟರಲ್ಲಿ ಅವರ ತೋಳು ತೂಕ ಹೇಳುತ್ತಿತ್ತು, ಅರ್ಧ ಕಿಲೋ ಆಚೀಚೆ. ಆ ತೋಳುಗಳನ್ನು ನಂಬಿ ಇಪ್ಪತ್ತಾರು ಮಕ್ಕಳಿಗೆ ದಾರಿಯಲ್ಲೇ ರಕ್ತ ಕೊಟ್ಟೆವು. ಹತ್ತೊಂಬತ್ತು ಮಕ್ಕಳು ನಡೆದುಕೊಂಡು ಮನೆಗೆ ಹೋದರು. ಅದಕ್ಕೆ ಕಚೇರಿ ಕೊಟ್ಟ ಬಹುಮಾನವೆಂದರೆ 'ಅಂದಾಜಿನ ಮೇಲೆ ಚಿಕಿತ್ಸೆ ನೀಡಿದ್ದಕ್ಕೆ' ಎರಡು ನೋಟಿಸು. ಮಗುವಿನ ಉದ್ದ ಅಳೆದು ತೂಕ ತಿಳಿಯುವ ಪಟ್ಟಿಯೊಂದನ್ನಾದರೂ ಕೊಡಿ ಎಂದು ಅವರು ಬರೆದ ಏಳು ಪತ್ರಗಳಿಗೆ ಉತ್ತರವೇ ಇಲ್ಲ. ಈಗ ಅದೇ ಕಚೇರಿ ಶಾಲು ಹೊದಿಸಲು ಸಿದ್ಧವಾಗಿದೆ. ಅದೇ ಮೇಜಿನಿಂದ ಇನ್ನೊಂದು ಆದೇಶವೂ ಹೊರಟಿದೆ: ಅಕ್ಕ ನಿವೃತ್ತರಾದ ಮೇಲೆ ತೂಕ ಹೇಳಬಲ್ಲವರು ಯಾರೂ ಇಲ್ಲದ್ದರಿಂದ ರಕ್ತದ ಪೆಟ್ಟಿಗೆಯನ್ನು ವಾಹನದಿಂದ ಇಳಿಸತಕ್ಕದ್ದು.

ಯಾರೂ ಇಲ್ಲವಂತೆ! ಕಳೆದ ಎರಡು ವರ್ಷಗಳಿಂದ ವಾರ್ಡಿನಲ್ಲಿ ಅಕ್ಕನ ಪಕ್ಕದಲ್ಲಿ ನಿಂತು ಮಕ್ಕಳನ್ನು ಎತ್ತುತ್ತಿರುವವನು ನಾನು. ಮೊನ್ನೆ ಅವರು ಒಂದು ಹೆಣ್ಣುಮಗುವನ್ನು ನನ್ನ ತೋಳಿಗಿಟ್ಟರು.

"ಹೇಳು ತಮ್ಮಾ, ಎಷ್ಟು?"

ಮಗುವನ್ನು ಒಮ್ಮೆ ಮೇಲಕ್ಕೆತ್ತಿ ಹೇಳಿದೆ: "ಹದಿಮೂರು."

ಅಕ್ಕ ಮಗುವನ್ನು ಯಂತ್ರದ ಮೇಲೆ ನಿಲ್ಲಿಸಲಿಲ್ಲ. ಸುಮ್ಮನೆ ಅದರ ತಲೆ ಸವರಿದರು.

ಅವರಿಗೆ ದೀರ್ಘಾಯುಸ್ಸಿರಲಿ, ತೋಳುಗಳಲ್ಲಿ ಬಲವಿರಲಿ; ಆ ವಾರ್ಡಿನಲ್ಲಿ ಅವರು ಇನ್ನೂ ಹಲವರಿಗೆ ಈ ವಿದ್ಯೆ ಕಲಿಸಲಿ. ಪೆಟ್ಟಿಗೆ ಇಳಿಸಲು ಬರುವವರಿಗೆ ನನ್ನದೊಂದೇ ಮಾತು: ವಾಹನದ ಬಾಗಿಲಲ್ಲಿ ನಾನಿರುತ್ತೇನೆ. ಈ ಸಲ ಸುಮ್ಮನಿರುವುದಿಲ್ಲ.